ತೂಕದ ವರದಿಗೆ ನಾನು ಸಹಿ ಹಾಕಲಿಲ್ಲ

ಕೊಲ್ಲಿಯಲ್ಲಿ ಎಣ್ಣೆ ಪ್ಲಾಟ್‌ಫಾರ್ಮ್ ಕಟ್ಟುವ ಯಾರ್ಡ್‌ಗಳಿಗೆ ಹೊರಟ ಭಟ್ಕಳ, ಹೊನ್ನಾವರ ಕಡೆಯ ಹುಡುಗರು ಜಾಲಿಯ ನಮ್ಮ ಮನೆಗೆ ಬಂದು ಸಂಬಳ ಎಷ್ಟು, ಓವರ್‌ಟೈಮ್ ಉಂಟಾ ಎಂದು ಕೇಳುತ್ತಾರೆ. ಸುಳ್ಳು ತೂಕಕ್ಕೆ ಸಹಿ ಮಾಡು ಎಂದರೆ ಏನು ಮಾಡಬೇಕೆಂದು ಒಬ್ಬನೂ ಕೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕೆಲಸ ಬಿಟ್ಟು ಬಂದದ್ದರ ಬಗ್ಗೆ ಊರಿನಲ್ಲಿ ಓಡಾಡುತ್ತಿರುವ ಕಥೆಗೂ ಇದೇ ಉತ್ತರ.

ಅಂಥ ಯಾರ್ಡಿನಲ್ಲಿ ನಾನು ತೂಗಿಸಬೇಕಿದ್ದದ್ದು ಬಾಂಬೆ ಹೈ ಎಣ್ಣೆ ಕ್ಷೇತ್ರಕ್ಕೆ ಹೋಗಬೇಕಿದ್ದ ವೆಲ್ ಪ್ಲಾಟ್‌ಫಾರ್ಮ್‌ನ ಡೆಕ್, ಅಂದರೆ ಮೇಲಿನ ಅಟ್ಟ. ಮುಂಬೈಯಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ., ನೀರಿನ ಆಳ 75 ಮೀಟರ್ ಆಸುಪಾಸು. 1974ರಲ್ಲಿ ಸಾಗರ್ ಸಾಮ್ರಾಟ್ ರಿಗ್ ಕೊರೆದು ಎಣ್ಣೆ ಕಂಡ ಜಾಗ. ಡೆಕ್ ಹೊರುವ ಉಕ್ಕಿನ ಚೌಕಟ್ಟು, ಜಾಕೆಟ್, ಆಗಲೇ ಅಲ್ಲಿ ನಿಂತು, ಕಾಲುಗಳೊಳಗಿಂದ ಪೈಲ್ ಹೊಡೆದಾಗಿತ್ತು. ಡೆಕ್ಕನ್ನು ಬಾರ್ಜಿನಲ್ಲಿ ಒಯ್ದು, ತೇಲುವ ಕ್ರೇನಿನಿಂದ ಎತ್ತಿ ಅದರ ಮೇಲೆ ಕೂರಿಸುವುದು ಬಾಕಿ. ಜೂನ್ ಬಂದರೆ ಅರಬ್ಬಿ ಸಮುದ್ರ ಹೇಗಿರುತ್ತದೆಂದು ನಮ್ಮೂರ ಮೀನುಗಾರರಿಗೆ ಹೇಳಬೇಕಿಲ್ಲ. ಯಾಂತ್ರಿಕ ದೋಣಿಗಳು ಜುಲೈ 31ರವರೆಗೆ ದಡದಲ್ಲಿ. ಇಂಥ ಎತ್ತುವ ಕೆಲಸವಂತೂ ಮಳೆಗಾಲ ಕಳೆಯುವವರೆಗೆ ಇಲ್ಲವೇ ಇಲ್ಲ. ನಾವು ತೂಗಲು ನಿಂತಾಗ ಏಪ್ರಿಲ್ ಮುಗಿಯುತ್ತ ಬಂದಿತ್ತು.

ಡೆಕ್ಕಿನ ಕಾಲುಗಳ ಕೆಳಗೆ ಹೈಡ್ರಾಲಿಕ್ ಜಾಕ್, ಪ್ರತಿ ಜಾಕಿಗೂ ಭಾರ ಅಳೆಯುವ ಒಂದು ಲೋಡ್ ಸೆಲ್. ಗಾಳಿ ಕಡಿಮೆ ಇರಲಿ ಎಂದು ರಾತ್ರಿ ಹಿಡಿದಿದ್ದೆವು. ಆಧಾರದಿಂದ ಬೆರಳು ತೂರುವಷ್ಟು ಎತ್ತಿ, ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಬೇಕು. ಮೂರು ಮೂಲೆಯ ಅಂಕಿಗಳು ನಿಂತವು. ಆಗ್ನೇಯ ಮೂಲೆಯದ್ದು ಏರುತ್ತಲೇ ಹೋಯಿತು. ಜಾಕ್ ನಡೆಸುತ್ತಿದ್ದ ಮಲಯಾಳಿ ಹುಡುಗ ಪಂಪಿನ ಮೇಲಿಂದ ಕೈ ತೆಗೆದು ನನ್ನ ಕಡೆ ನೋಡಿದ. ಅಷ್ಟು ದೊಡ್ಡ ಉಕ್ಕಿನ ಅಟ್ಟ ತಲೆಯ ಮೇಲೆ. ಬೂಟಿನೊಳಗೆ ನನ್ನ ಕಾಲು ಬೆವರಿದ್ದು ಈಗಲೂ ನೆನಪಿದೆ.

ಪ್ರಾಜೆಕ್ಟ್ ಮ್ಯಾನೇಜರ್ ಕಾರಿನಿಂದ ಇಳಿದವನೇ ‘ಸೆಲ್ ಕೆಟ್ಟಿದೆ’ ಎಂದ. ಸರಿ, ಇಳಿಸಿ, ಆ ಸೆಲ್ಲನ್ನು ಎದುರು ಮೂಲೆಗೆ ಹಾಕಿ, ಅಲ್ಲಿಯದ್ದನ್ನು ಇಲ್ಲಿಗೆ ತಂದು ಮತ್ತೆ ಎತ್ತಿಸಿದೆ. ಭಾರ ಸೆಲ್ಲಿನ ಜೊತೆ ಹೋಗಲಿಲ್ಲ, ಆಗ್ನೇಯ ಮೂಲೆಯಲ್ಲೇ ಉಳಿಯಿತು. ಟಾರ್ಚ್ ಹಿಡಿದು ಮೇಲೆ ಹತ್ತಿ ನೋಡಿದರೆ ಟ್ರಾನ್ಸ್‌ಫಾರ್ಮರ್ ಹೊತ್ತ ಉಕ್ಕಿನ ಪೀಠ, ಸ್ಕಿಡ್, ಆ ಮೂಲೆಯಲ್ಲಿ ಕೂತಿದೆ, ಕೇಬಲ್ ಟ್ರೇಗಳೂ ಜೊತೆಗೆ. ಕೊನೆಯ ಡ್ರಾಯಿಂಗ್‌ನಲ್ಲಿ ಅವನ್ನು ಹೊಸದಾಗಿ ಸೇರಿಸಿದ್ದರು; ತೂಕದ ಪಟ್ಟಿಗೆ ಯಾರೂ ಏರಿಸಿರಲಿಲ್ಲ. ಒಟ್ಟು ತೂಕ ಮಿತಿ ದಾಟಿತ್ತು, ಗುರುತ್ವ ಕೇಂದ್ರವೂ ಸರಿದಿತ್ತು.

‘ಪ್ಯಾಡ್‌ಐಗೆ ಎರಡರ ಗುಣಕ ಉಂಟಲ್ಲ, ಅದರಲ್ಲಿ ಮುಗಿಯುತ್ತದೆ’ ಎಂದ ಆತ. ಇಲ್ಲೇ ನನಗೆ ಪಿತ್ತ ನೆತ್ತಿಗೇರಿದ್ದು. ಪ್ಯಾಡ್‌ಐ ಎಂದರೆ ಎತ್ತುವ ಹಗ್ಗವನ್ನು, ಅಂದರೆ ಸ್ಲಿಂಗನ್ನು, ಸಿಕ್ಕಿಸಲು ಡೆಕ್ಕಿಗೆ ಬೆಸೆದ ತೂತಿನ ಪ್ಲೇಟು. ತೆರೆದ ಸಮುದ್ರದಲ್ಲಿ ಎತ್ತುವಾಗ ಅದರ ಲೆಕ್ಕಕ್ಕೆ ಗುಣಕ 2 ಎಂದು ಪೆಟ್ರೋಲಿಯಂ ಉದ್ಯಮದ ಎಪಿಐ ಸಂಹಿತೆ ಹೇಳುವುದು ನಿಜ. ಆ 2 ಅಲೆಯ ಜಗ್ಗಾಟಕ್ಕೆ ಇಟ್ಟದ್ದು, ಯಾರೋ ಬರೆಯಲು ಮರೆತ ಟ್ರಾನ್ಸ್‌ಫಾರ್ಮರ್‌ಗಲ್ಲ. ಸ್ಲಿಂಗ್ ಸಮತಲದಿಂದ 60 ಡಿಗ್ರಿ ಓರೆಯಲ್ಲಿದ್ದರೆ ಎಳೆತ ನೇರ ಭಾರಕ್ಕಿಂತ ಶೇ 15ಕ್ಕೂ ಹೆಚ್ಚು. ಕೇಂದ್ರ ಸರಿದರೆ ಆ ಮೂಲೆಯ ಸ್ಲಿಂಗಿಗೆ ಇನ್ನೂ ಹೆಚ್ಚು, ಕೊಕ್ಕೆ ಹೊಸ ಕೇಂದ್ರದ ಮೇಲೆ ಬರದಿದ್ದರೆ ಡೆಕ್ಕೇ ವಾಲುತ್ತದೆ. ಕ್ರೇನಾದರೂ ತೋಳು ದೂರ ಚಾಚಿದಷ್ಟೂ ಎತ್ತುವ ಶಕ್ತಿ ಕಳೆದುಕೊಳ್ಳುವಂಥದ್ದು. ಎತ್ತುವ ಲೆಕ್ಕ ಸಾಫ್ಟ್‌ವೇರ್‌ನಲ್ಲಿ ಪಾಸಾಗಿದೆ ಎಂದು ಮ್ಯಾನೇಜರ್ ಕಾಗದ ಮುಂದೆ ಹಿಡಿದ. ಹಳೆಯ ತೂಕ ಕೊಟ್ಟರೆ ಪಾಸಾಗದೆ ಏನು?

1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಂಗರ್ ಹತ್ತಿರ ಸ್ಲೈಪ್ನರ್ ಎ ಪ್ಲಾಟ್‌ಫಾರ್ಮ್‌ನ ಕಾಂಕ್ರೀಟ್ ಬುಡ ಹೀಗೆ ಕಂಪ್ಯೂಟರಿನಲ್ಲಿ ಪಾಸಾಗಿಯೇ ಮುಳುಗಿತು. ಗೋಡೆಯ ಶಿಯರ್ ಬಲವನ್ನು ಆ ಲೆಕ್ಕ ಶೇ 47ರಷ್ಟು ಕಡಿಮೆ ತೋರಿಸಿತ್ತು. ಜನರೆಲ್ಲ ಪಾರಾದರು, ಬುಡ ಫ್ಯೋರ್ಡಿನ ತಳಕ್ಕೆ ಬಡಿದು ಪುಡಿಯಾಯಿತು. ಇದನ್ನೂ ಹೇಳಿದೆ. ‘ಪಾಠ ಹೇಳಬೇಡ, ಸಹಿ ಹಾಕು’ ಎಂದ.

ಬೆಳಗಾಗುವುದರೊಳಗೆ ಭಾವನ ಫೋನು. ಆ ಕೆಲಸ ಕೊಡಿಸಿದ್ದೇ ಅವರು, ಮ್ಯಾನೇಜರ್ ನೇರ ಅವರನ್ನೇ ಹಿಡಿದಿದ್ದ. ‘ಒಂದು ಸಹಿಗೆ ಇಷ್ಟೆಲ್ಲ ಯಾಕೆ ಮಾರಾಯ? ಹಾಕಿ ಬಿಡು, ಎತ್ತುವವರು ಬೇರೆ ಇದ್ದಾರೆ’ ಎಂದರು. ಸ್ಲಿಂಗ್ ಕಟ್ಟಲು ಡೆಕ್ ಹತ್ತುವ ರಿಗ್ಗರ್‌ಗಳಲ್ಲಿ ಕುಮಟಾದ ಹುಡುಗರೂ ಇದ್ದರು. ಭಾವನಿಗೆ ಅದು ಗೊತ್ತಿತ್ತು. ಆ ಮಾತನ್ನು ನಾನು ಇನ್ನೂ ಮರೆತಿಲ್ಲ.

ನಿಜವಾದ ಅಂಕಿಗಳನ್ನು ನಾನು ಗ್ರಾಹಕರ ಸರ್ವೇಯರ್‌ಗೆ ನೇರ ಕಳಿಸಿದೆ. ಅವರು ಎತ್ತುವುದನ್ನು ತಡೆದರು. ಆ ಮೂಲೆಯ ಪ್ಯಾಡ್‌ಐ ಕತ್ತರಿಸಿ ದಪ್ಪ ಪ್ಲೇಟಿನದ್ದು ಬೆಸೆದು, ಅಲ್ಟ್ರಾಸೋನಿಕ್ ಪರೀಕ್ಷೆ ಮುಗಿಸಿ, ಸ್ಕಿಡ್ಡನ್ನು ಬೇರೆಯಾಗಿ ಎತ್ತುವುದೆಂದು ತೀರ್ಮಾನವಾಗುವಷ್ಟರಲ್ಲಿ ಮಳೆ ಬಂತು. ಡೆಕ್ ಯಾರ್ಡಿನಲ್ಲೇ ಉಳಿಯಿತು. ನನ್ನ ಒಪ್ಪಂದ ಮಾತ್ರ ಉಳಿಯಲಿಲ್ಲ. ಮಳೆಗಾಲ ಕಳೆದ ಮೇಲೆ ಎತ್ತಿ ಕೂರಿಸಿದರಂತೆ, ಯಾರಿಗೂ ಏನೂ ಆಗಲಿಲ್ಲ. ‘ನೋಡು, ಸುಮ್ಮನೆ ಹೆದರಿದ್ದೆ’ ಎಂದು ಭಾವ ನಗುತ್ತಾರೆ. ಹೊಸ ಪ್ಯಾಡ್‌ಐ ಹಾಕಿ ಎತ್ತಿದ್ದು ಎಂಬುದು ಅವರ ಕಥೆಯಲ್ಲಿ ಬರುವುದೇ ಇಲ್ಲ.

ಹೋಗುವವರು ಇಷ್ಟು ಮಾಡಿ. ತೂಕದ ಪಟ್ಟಿ ಯಾವ ಡ್ರಾಯಿಂಗ್ ರಿವಿಷನ್‌ಗೆ ಸೇರಿದ್ದೆಂದು ಮೊದಲ ವಾರವೇ ಕೇಳಿ. ತೂಗುವಾಗ ಸೆಲ್‌ಗಳ ಜಾಗ ಬದಲಿಸದೆ ಬಿಡಬೇಡಿ. ಬಾಯಿಮಾತಿನ ಆದೇಶವನ್ನು ಅದೇ ದಿನ ಇಮೇಲ್‌ನಲ್ಲಿ ತಿರುಗಿ ಬರೆದು ಕಳಿಸಿ. ಆಗುವುದಾದರೆ ನೆಂಟರ ಶಿಫಾರಸಿನಿಂದ ಕೆಲಸಕ್ಕೆ ಸೇರಬೇಡಿ. ಆ ರಾತ್ರಿಯ ಅಂಕಿಗಳ ಪ್ರತಿ ನನ್ನ ಕಪಾಟಿನಲ್ಲಿದೆ, ಸಂಶಯ ಇದ್ದವರು ಮನೆಗೆ ಬಂದು ನೋಡಬಹುದು. ಭಾವನಿಗೂ ಹೇಳಿದ್ದೇನೆ, ಅವರು ಇನ್ನೂ ಬಂದಿಲ್ಲ.