ದುಡಿಮೆಯ ಶಾಸ್ತ್ರವೂ ನಮ್ಮ ಕನ್ಯೆಯರ ಉಚ್ಚ ವ್ಯಾಸಂಗವೂ

ನಮ್ಮ ಶಾಲೆಯನ್ನು ಮುಗಿಸಿ ಪದವಿಯವರೆಗೆ ಓದಿದ ಕನ್ಯೆಯರು ಮುಂದೆ ಯಾವ ವಿಷಯವನ್ನು ಹಿಡಿಯತಕ್ಕದ್ದೆಂದು ಪಾಲಕರು ನಮ್ಮನ್ನು ಆಗಾಗ್ಗೆ ಕೇಳುವದುಂಟು. ಶಿಕ್ಷಕಿಯಾಗುವದು, ದಾದಿಯಾಗುವದು, ವೈದ್ಯಳಾಗುವದು, ಈಚೆಗೆ ಗಣಕಯಂತ್ರದ ವಿದ್ಯೆ, ಇವು ಎಲ್ಲರಿಗೂ ತಿಳಿದ ಹಾದಿಗಳೇ. ಇವುಗಳಷ್ಟು ಹೆಸರಾಗದ, ಆದರೆ ನಮ್ಮ ಸೀಮೆಯ ಹೆಣ್ಣುಮಕ್ಕಳ ಬಾಳಿಗೆ ಬಹಳ ಹತ್ತಿರವಾದ ಒಂದು ಶಾಸ್ತ್ರವನ್ನು ಕುರಿತು ಈ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತು ಹೇಳಬಯಸುತ್ತೇವೆ. ಅದರ ಹೆಸರು ಎರ್ಗೊನಾಮಿಕ್ಸ್. ಗ್ರೀಕ್ ಭಾಷೆಯಲ್ಲಿ ಎರ್ಗೊನ್ ಎಂದರೆ ಕೆಲಸ, ನೊಮೊಸ್ ಎಂದರೆ ನಿಯಮ. 1857ರಲ್ಲಿ ಪೋಲೆಂಡಿನ ಯಾಸ್ಟ್ರೆಂಬೋವ್ಸ್ಕಿ ಎಂಬ ಪಂಡಿತನು ಈ ಹೆಸರನ್ನು ಕಟ್ಟಿದನು. 1949ರಲ್ಲಿ ಇಂಗ್ಲಂಡಿನ ವಿದ್ವಾಂಸರು ಅದನ್ನು ಮರಳಿ ಬಳಕೆಗೆ ತಂದರು. ಕೆಲಸಕ್ಕೆ ತಕ್ಕಂತೆ ಮನುಷ್ಯನ ಮೈಯನ್ನು ಬಗ್ಗಿಸದೆ, ಮೈಗೆ ತಕ್ಕಂತೆ ಕೆಲಸವನ್ನೂ ಸಲಕರಣೆಯನ್ನೂ ಹೊಂದಿಸುವದೇ ಇದರ ಉದ್ದೇಶವು. ನಾವು ಇದನ್ನು ದುಡಿಮೆಯ ಶಾಸ್ತ್ರವೆಂದು ಕರೆಯುವೆವು. ದುಡಿಯುವ ಸ್ಥಳದಲ್ಲಿಯ ಆರೋಗ್ಯ ಹಾಗೂ ಸುರಕ್ಷತೆಯ ವಿದ್ಯೆಯು ಇದರ ಒಡಹುಟ್ಟು.

ಹೆಸರು ಹೊಸದಾದರೂ ವಿಚಾರವು ಹಳೆಯದು. ಇಟಲಿಯ ಮೊಡೆನಾ ಪಟ್ಟಣದ ರಾಮಾಜಿನಿ ಎಂಬ ವೈದ್ಯನು 1700ರಲ್ಲಿ ಕಸಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಬರೆದನು. ರೋಗಿಯನ್ನು ನೋಡುವಾಗ ವೈದ್ಯನು ಮಿಕ್ಕ ಪ್ರಶ್ನೆಗಳ ಸಂಗಡ 'ನಿನ್ನ ಕಸಬು ಯಾವದು?' ಎಂದೂ ಕೇಳತಕ್ಕದ್ದೆಂದು ಅವನು ಕಲಿಸಿದನು. ಈ ಪ್ರಶ್ನೆಯನ್ನು ಬೈಲಹೊಂಗಲದ ಸುತ್ತಣ ಹಳ್ಳಿಯ ಒಬ್ಬ ತಾಯಿಗೆ ಹಾಕಿ ನೋಡಿರಿ. 'ಏನೂ ಮಾಡೂದಿಲ್ರೀ, ಮನ್ಯಾಗ ಇರ್ತೇನ್ರೀ' ಎಂಬ ಉತ್ತರವೇ ಹೆಚ್ಚಾಗಿ ಬರುವದು. ಹಾಗೆಂದವಳು ನಸುಕಿನಲ್ಲೆದ್ದು ನೀರು ಹೊತ್ತು, ರೊಟ್ಟಿ ಬಡಿದು, ಹೊಲಕ್ಕೆ ಹೋಗಿ, ಹೊತ್ತು ಮುಳುಗುವವರೆಗೆ ಹತ್ತಿ ಬಿಡಿಸಿ ಬಂದವಳಾಗಿರುತ್ತಾಳೆ! ಈ 'ಏನೂ ಇಲ್ಲ' ಎಂಬದನ್ನು ಅಳತೆಮಾಡಿ, ಇದು ಇಷ್ಟು ಭಾರವಾದ ದುಡಿಮೆಯೆಂದು ಅಂಕಿಯಲ್ಲಿ ತೋರಿಸಬಲ್ಲ ವಿದ್ಯೆಯು ಇದೆಂಬದೇ ನಮಗೆ ಇದರಲ್ಲಿ ಕಂಡ ಮುಖ್ಯ ಗುಣವು.

ಅಳೆಯುವದು ಹೇಗೆ? ಹತ್ತಿಯ ಕೆಲಸವನ್ನೇ ನೋಡೋಣ. ನಮ್ಮ ಎರೆಭೂಮಿಯಲ್ಲಿ ಅದನ್ನು ಬಿಡಿಸುವವರು ಬಹುತೇಕ ಹೆಂಗಸರೇ. ಗಿಡದ ಕೆಳಗಣ ಕಾಯಿಗಳಿಗಾಗಿ ನಡುವನ್ನು ಪೂರಾ ಬಗ್ಗಿಸಬೇಕು. ಬಿಡಿಸಿದ ಅರಳೆಯನ್ನು ಸೀರೆಯ ಉಡಿಯಲ್ಲಿ ತುಂಬಿಕೊಂಡಂತೆಲ್ಲ ಭಾರವು ಮುಂದಕ್ಕೆ ಜಗ್ಗಿ ಬೆನ್ನಿನ ಕೆಳಭಾಗದ ಮೇಲೆ ಬೀಳುತ್ತದೆ. ಒಣಗಿದ ಕಾಯಿಯ ಚೂಪಾದ ತುದಿಗಳು ಬೆರಳುಗಳನ್ನು ಗೀರುತ್ತವೆ. ಇದನ್ನು ಅಭ್ಯಸಿಸುವ ವಿದ್ಯಾರ್ಥಿನಿಯು ಹೊಲಕ್ಕೇ ಹೋಗಿ, ದುಡಿಯುವವಳ ಎದೆಗೆ ಒಂದು ಪಟ್ಟಿಯನ್ನು ಕಟ್ಟಿ, ಹೃದಯದ ಬಡಿತವನ್ನು ಗಳಿಗೆ ಗಳಿಗೆಗೂ ಬರೆದುಕೊಳ್ಳುತ್ತಾಳೆ. ಬೆನ್ನು ಎಷ್ಟು ಅಂಶ ಬಗ್ಗಿತು, ಹೊತ್ತಿಗೆಷ್ಟು ಅರಳೆ ಕೂಡಿತು, ಸಂಜೆಗೆ ಮೈಯಲ್ಲಿ ಎಲ್ಲೆಲ್ಲಿ ನೋವು ಎಂಬದನ್ನೂ ದಾಖಲಿಸುತ್ತಾಳೆ. ಭಾರತದ ಹೆಂಗಸರ ದುಡಿಮೆಯ ಭಾರವನ್ನು ಅಳೆಯಲು 1994ರಲ್ಲಿ ನಮ್ಮ ದೇಶದ ಸಂಶೋಧಕರು ಒಂದು ಮಾನವನ್ನು ಪ್ರಕಟಿಸಿದರು. ಮಿನಿಟಿಗೆ ಬಡಿತವು 90ರೊಳಗಿದ್ದರೆ ಬಹಳ ಹಗುರ ಕೆಲಸ; 91ರಿಂದ 105 ಹಗುರ; 106ರಿಂದ 120 ಸಾಧಾರಣ ಭಾರ; 121ರಿಂದ 135 ಭಾರ; 136ರಿಂದ 150 ಬಹಳ ಭಾರ; 150ನ್ನು ದಾಟಿದರೆ ಅತ್ಯಂತ ಭಾರವೆಂದು ಎಣಿಕೆ. ಹಳೆಯ ರೀತಿಯಲ್ಲಿ ಒಮ್ಮೆ, ಸುಧಾರಿಸಿದ ಸಲಕರಣೆಯಿಂದ ಒಮ್ಮೆ ಅಳೆದು ನೋಡಿದರೆ ಸುಧಾರಣೆಯು ನಿಜವೋ ಬರಿಯ ಮಾತೋ ಎಂಬದು ಕೂಡಲೆ ತಿಳಿಯುತ್ತದೆ.

ಇದು ದೂರದೇಶದ ಸಂಗತಿಯಲ್ಲ. 1974ರಲ್ಲಿ ಧಾರವಾಡದಲ್ಲಿ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯವು ಆರಂಭವಾಯಿತು. 1986ರಲ್ಲಿ ಅಲ್ಲಿ ಕೃಷಿ ವಿಶ್ವವಿದ್ಯಾಲಯವು ಸ್ಥಾಪಿತವಾದಂದಿನಿಂದ ಅದರ ಅಂಗವಾಗಿರುತ್ತದೆ. ಈಗ ಅದಕ್ಕೆ ಸಮುದಾಯ ವಿಜ್ಞಾನ ಮಹಾವಿದ್ಯಾಲಯವೆಂದು ಹೆಸರು. ಹತ್ತಿ ಬಿಡಿಸುವವರಿಗಾಗಿ ಅಲ್ಲಿಯವರು ಚೀಲವುಳ್ಳ ನಿಲುವಂಗಿಯೊಂದನ್ನು ರೂಪಿಸಿರುವರು. ಭಾರವು ಎರಡೂ ಹೆಗಲುಗಳಿಗೆ ಹಂಚಿಹೋದರೆ ನಡುವಿನ ಮೇಲಣ ಎಳೆತವು ಕಡಿಮೆಯಾಗುವದೆಂಬದೇ ಇಂಥ ಉಡುಪಿನ ಹಿಂದಿನ ತತ್ವ. ಒಂದು ಬಟ್ಟೆಯ ಚೀಲಕ್ಕೆ ಇಷ್ಟು ವಿದ್ಯೆಯೇ ಎಂದು ಕೆಲವರು ನಗಬಹುದು. ನಗುವವರು ಒಂದು ದಿನ ಉಡಿ ಕಟ್ಟಿಕೊಂಡು ಸಾಲು ಹಿಡಿಯಲಿ ಎಂದು ಮಾತ್ರ ನಾವು ಹೇಳುವೆವು.

ಹಲ್ಲುಳ್ಳ ಹಗುರವಾದ ಕುಡಗೋಲು, ನಿಂತುಕೊಂಡೇ ಕಳೆ ತೆಗೆಯಲು ಉದ್ದ ಹಿಡಿಕೆಯ ಸಲಕರಣೆ, ಇವೂ ಇದೇ ಜಾತಿಯ ಸುಧಾರಣೆಗಳು. ರಾಮದುರ್ಗದ ಕಡೆಯ ನೇಕಾರರ ಮಗ್ಗಗಳಲ್ಲಿಯೂ ಕೂಡ್ರುವ ಹಲಗೆಯ ಎತ್ತರ, ಬೆಳಕು ಬೀಳುವ ದಿಕ್ಕು, ಕಂಡಿಕೆ ಸುತ್ತುವ ಅಜ್ಜಿಯ ಭುಜ, ಹೀಗೆ ಅಭ್ಯಾಸಕ್ಕೆ ವಿಷಯಗಳು ಬೇಕಾದಷ್ಟಿವೆ. ಒಕ್ಕುವ ಯಂತ್ರದ ಬಾಯಿಗೆ ಕೈ ಸಿಕ್ಕು ಅಂಗಹೀನರಾದವರ ಸಂಖ್ಯೆಯು ಹೆಚ್ಚಿದ್ದರಿಂದಲೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣದ ಕಾಯದೆಯನ್ನು ಮಾಡಬೇಕಾಯಿತು. ಸೆರಗು, ಜಡೆ, ಬಳೆ ಇವುಗಳನ್ನು ನೆನಪಿನಲ್ಲಿಟ್ಟು ಯಂತ್ರವನ್ನು ರಚಿಸಿದವರು ಎಷ್ಟು ಮಂದಿ?

ಇಲ್ಲಿ ಅಳತೆಯ ಮಾತು ಮತ್ತೆ ಬರುತ್ತದೆ. ಭೋಪಾಳದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯು 2009ರಲ್ಲಿ ಭಾರತದ ಕೃಷಿ ಕೆಲಸಗಾರರ 79 ದೇಹಮಾಪಗಳನ್ನೂ 16 ಬಗೆಯ ಬಲದ ಅಳತೆಗಳನ್ನೂ ಪುಸ್ತಕರೂಪವಾಗಿ ಹೊರತಂದಿತು. ಗಂಡಸರದೂ ಹೆಂಗಸರದೂ ಪ್ರತ್ಯೇಕವಾಗಿ ಅದರಲ್ಲಿವೆ. ಗಂಡಸಿನ ಮುಷ್ಟಿಗೆ ಒಪ್ಪುವ ಹಿಡಿಕೆಯು ಹೆಂಗಸಿನ ಕೈಗೆ ದಪ್ಪವಾಗಿ, ಅವಳು ಅದನ್ನು ಬಿಗಿಹಿಡಿಯಲಿಕ್ಕೇ ಅರ್ಧ ಬಲವನ್ನು ಸವೆಸುವ ಸಂಭವವುಂಟು. ಅಡಿಗೆಮನೆಯ ಕಟ್ಟೆಯೂ ಹೀಗೆಯೇ. ನಿಂತು ಮಾಡುವ ಹಗುರ ಕೆಲಸಕ್ಕೆ ಕಟ್ಟೆಯು ಮೊಣಕೈಗಿಂತ 5ರಿಂದ 10 ಸೆಂಟಿಮೀಟರು ಕೆಳಗಿರಬೇಕೆಂದು ಶಾಸ್ತ್ರವು ಹೇಳುತ್ತದೆ. ಒತ್ತಿ ಮಾಡುವ ಕೆಲಸಕ್ಕೆ ಇನ್ನೂ ಕೆಳಗೆ, 15ಕ್ಕಿಂತ ಹೆಚ್ಚು. ಅಂದಮೇಲೆ ಕಾಯಿಪಲ್ಲೆ ಹೆಚ್ಚುವ ಕಟ್ಟೆಯ ಮೇಲೆಯೇ ಜೋಳದ ಹಿಟ್ಟನ್ನು ನಾದುವವಳ ಭುಜವು ಏಕೆ ನೋಯುತ್ತದೆಂಬದು ತಿಳಿಯಿತಷ್ಟೆ. ಮನೆ ಕಟ್ಟಿಸುವ ಪಾಲಕರು ಗೌಂಡಿಯವನ ರೂಢಿಯ ಅಳತೆಗಿಂತ ಮೊದಲು ಮನೆಯಾಕೆಯ ಮೊಣಕೈಯನ್ನು ಅಳೆದುಕೊಳ್ಳುವದು ಲೇಸು.

ಇನ್ನು ವ್ಯಾಸಂಗದ ಮಾತು. ಗೃಹವಿಜ್ಞಾನವೆಂದೊಡನೆ 'ಅಡಿಗೆ ಕಲಿಯಲು ಧಾರವಾಡಕ್ಕೇಕೆ?' ಎಂದು ಕೇಳುವ ಪಾಲಕರು ಈಗಲೂ ಇದ್ದಾರೆ. ಮೇಲೆ ಹೇಳಿದ್ದನ್ನು ಓದಿದವರು ಹಾಗೆ ಕೇಳಲಾರರೆಂದು ನಂಬಿದ್ದೇವೆ. ಪಿಯುಸಿಯಲ್ಲಿ ವಿಜ್ಞಾನವನ್ನು ತೆಗೆದುಕೊಂಡವರು ಸಮುದಾಯ ವಿಜ್ಞಾನದ ಪದವಿಯನ್ನು ನಾಲ್ಕು ವರ್ಷಗಳಲ್ಲಿ ಮುಗಿಸಿ, ಮತ್ತೆರಡು ವರ್ಷ ಸ್ನಾತಕೋತ್ತರ ವ್ಯಾಸಂಗ ಮಾಡಬಹುದು. ಕೃಷಿ ವಿಶ್ವವಿದ್ಯಾಲಯದ ಪದವಿಯ ಪ್ರವೇಶದಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಪಾಲೂ ಉಂಟು. ಇದನ್ನು ನಮ್ಮ ತಾಲೂಕಿನವರು ಮರೆಯಬಾರದು. ಇಂಜಿನಿಯರಿಂಗ್ ಓದಿದವರಿಗೆ ಮುಂಬಯಿಯ ಕೇಂದ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಕೈಗಾರಿಕಾ ಸುರಕ್ಷತೆಯ ಒಂದು ವರ್ಷದ ಉಚ್ಚ ಡಿಪ್ಲೊಮಾ ಇರುತ್ತದೆ. ವೈದ್ಯರಾದವರು ಕೈಗಾರಿಕಾ ಆರೋಗ್ಯದ ಮೂರು ತಿಂಗಳ ಶಿಕ್ಷಣವನ್ನು ಪಡೆಯಬಹುದು.

ಉದ್ಯೋಗವು ದೊರೆಯುವದೇ ಎಂಬದು ತಂದೆಯವರ ಪ್ರಶ್ನೆ. ಕಾರಖಾನೆಯಲ್ಲಿ ಹುಡುಗಿಗೆ ಏನು ಕೆಲಸ ಎಂಬದು ಅಜ್ಜಿಯವರದು. ದೊಡ್ಡ ಕಾರಖಾನೆಗಳಲ್ಲಿ ಸುರಕ್ಷತಾಧಿಕಾರಿಯೊಬ್ಬರು ಇರಲೇಬೇಕೆಂದು ಕಾಯದೆಯೇ ವಿಧಿಸುತ್ತದೆ. 1948ರ ಕಾರಖಾನೆ ಕಾಯದೆ ಮೊದಲಾದ ಹದಿಮೂರು ಕಾಯದೆಗಳ ಸ್ಥಾನದಲ್ಲಿ 2020ರಲ್ಲಿ ಒಂದೇ ಸಂಹಿತೆಯನ್ನು ಪಾರ್ಲಿಮೆಂಟು ಅಂಗೀಕರಿಸಿತು. ಅದು 2025ರ ನವೆಂಬರ 21ರಂದು ಜಾರಿಗೆ ಬಂದಿತು. ಹೆಂಗಸರು ಒಪ್ಪಿದಲ್ಲಿ, ತಕ್ಕ ರಕ್ಷಣೆಯೊಡನೆ, ರಾತ್ರಿಯ ಪಾಳಿಯಲ್ಲಿಯೂ ಅವರನ್ನು ದುಡಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ರಕ್ಷಣೆಯು ತಕ್ಕದ್ದೋ ಅಲ್ಲವೋ ಎಂದು ನೋಡುವ ಸ್ಥಾನದಲ್ಲಿ ಹೆಂಗಸೊಬ್ಬಳಿದ್ದರೆ ಒಳಿತಲ್ಲವೇ, ಅಜ್ಜಿಯವರೇ?

ಆದರೆ ನಮ್ಮ ಮನಸ್ಸು ಕಾರಖಾನೆಗಿಂತ ಹೊಲದ ಕಡೆಗೇ ಹೆಚ್ಚು ವಾಲುತ್ತದೆ. 1948ರ ಕಾಯದೆಯು ಕಾರಖಾನೆಯ ಗೋಡೆಯೊಳಗಿನದಾಗಿತ್ತು; ಹತ್ತಿ ಬಿಡಿಸುವವಳ ಬೆನ್ನು ಅದರ ಲೆಕ್ಕಕ್ಕೆ ಬಂದಿರಲಿಲ್ಲ. ಆ ಬೆನ್ನಿನ ಲೆಕ್ಕವನ್ನು ಇಡತಕ್ಕವಳು ಅವಳ ಮಾತನ್ನು ತಿಳಿದವಳಾಗಿರಬೇಕು. ಅಪರಿಚಿತ ಅಧಿಕಾರಿಯು ಕೇಳಿದರೆ 'ನೋವೇನಿಲ್ರೀ' ಎಂದು ಬಾಯಿ ಮುಚ್ಚಿಕೊಳ್ಳುವ ಹೆಂಗಸು, ಓಣಿಯ ಹುಡುಗಿಯು ಪಕ್ಕದ ಸಾಲಿನಲ್ಲಿ ಕುಳಿತು ಕೇಳಿದರೆ ಎಲ್ಲವನ್ನೂ ಹೇಳುವಳು.

ಹತ್ತನೆಯ ತರಗತಿಯ ಕನ್ಯೆಯರು ಈ ರಜೆಯಲ್ಲಿ ಒಂದು ಅಭ್ಯಾಸವನ್ನು ಮಾಡಿ ನೋಡಬಹುದು. ಸೆಕೆಂಡಿನ ಮುಳ್ಳುಳ್ಳ ಗಡಿಯಾರವೊಂದು ಸಾಕು. ತಾಯಿಯವರು ಕುಳಿತಿರುವಾಗ ಅವರ ಕೈನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಬರೆದುಕೊಳ್ಳಿರಿ. ಅವರು ನೀರಿನ ಕೊಡವನ್ನು ಹೊತ್ತು ತಂದು ಇಳಿಸಿದ ಕೂಡಲೆ ಇನ್ನೊಮ್ಮೆ ಎಣಿಸಿರಿ. ಕಳೆ ತೆಗೆದಾಗ, ಬಟ್ಟೆ ಒಗೆದಾಗ ಪುನಃ ಎಣಿಸಿರಿ. ಹೀಗೆ ಏಳು ದಿನದ ಅಂಕಿಗಳನ್ನು ಮೇಲಿನ ಮಾನದ ಪಕ್ಕದಲ್ಲಿಟ್ಟು ಶಾಲೆಯು ಆರಂಭವಾದ ದಿನ ನಮ್ಮ ಬಳಿಗೆ ತನ್ನಿರಿ. ತಾಯಿಯವರಿಗೂ ಒಮ್ಮೆ ಓದಿ ಹೇಳಿರಿ.