ಪೆನುಗೊಂಡೆ: ಕೋಟೆಯ ಚರಿತ್ರೆ, ಹಗೆಯ ಪಾಠ

ಅಗಳಿ, ಮಡಕಶಿರಾ ಭಾಗದ ಕನ್ನಡ ಶಾಲೆಗಳ ಮಕ್ಕಳಿಗೆ ಪೆನುಗೊಂಡೆಯು ನೆರೆಸೀಮೆಯ ಐತಿಹಾಸಿಕ ಪಟ್ಟಣ. 1565ರ ತಾಳಿಕೋಟೆ ಯುದ್ಧದ ತರುವಾಯ ವಿಜಯನಗರದ ಅರಸರು ಇದನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಬೆಟ್ಟದ ಕೋಟೆ, ಗಗನ ಮಹಲು, ಪಾರ್ಶ್ವನಾಥ ಬಸದಿ, ಬಾಬಯ್ಯನ ದರ್ಗಾಗಳು ಹಲವು ಮತಗಳ ಜನರು ಒಂದೇ ಊರಿನಲ್ಲಿ ಬಾಳಿದುದಕ್ಕೆ ಸಾಕ್ಷಿಯಾಗಿವೆ.

ಇದೇ ಸೀಮೆಯು ಮುಂದೆ ಬಣವೈರಕ್ಕೂ ಹೆಸರಾಯಿತು. ಊರಿನ ಯಜಮಾನಿಕೆ, ಜಮೀನು, ಗುತ್ತಿಗೆ, ಚುನಾವಣೆಗಳಿಂದ ಹುಟ್ಟಿದ ಹಗೆಯು ತಂದೆಯಿಂದ ಮಗನಿಗೆ ಸಾಗಿತು. ಪೆನುಗೊಂಡೆಯ ಶಾಸಕ ಪರಿಟಾಲ ರವಿಯವರ ತಂದೆ ಹತ್ಯೆಗೀಡಾಗಿದ್ದರು. 2005ರ ಜನವರಿ 24ರಂದು ಅನಂತಪುರದಲ್ಲಿ ರವಿಯವರೂ ಹತರಾದರು. ಆ ಪ್ರಕರಣದ ಆರೋಪಿಯೊಬ್ಬರು 2011ರಲ್ಲಿ ಕೊಲೆಯಾದರು.

ಬೋಧನಾ ಸೂಚನೆ: ಚಲನಚಿತ್ರಗಳಲ್ಲಿ ಮಚ್ಚು ಹಿಡಿದವನೇ ನಾಯಕನೆನಿಸುವುದನ್ನು ಮಕ್ಕಳು ಕಂಡಿರುತ್ತಾರೆ. ಆದುದರಿಂದ ಶಿಕ್ಷಕರು ತಬ್ಬಲಿಯಾದ ಮಕ್ಕಳು, ಬೀಳುಬಿದ್ದ ಹೊಲ, ಅರ್ಧಕ್ಕೆ ನಿಂತ ಓದು ಇವುಗಳತ್ತ ಅವರ ಗಮನ ಸೆಳೆಯಬೇಕು. ಹಗೆಯಿಂದ ನೊಂದ ಮನೆಯ ಮಗುವೂ ತರಗತಿಯಲ್ಲಿರಬಹುದು. ಯಾರನ್ನೂ ಹೆಸರು ಹಿಡಿದು ಈ ಕುರಿತು ಪ್ರಶ್ನಿಸಬಾರದು.

ಚರ್ಚೆಗೆ:
1. ಪೆನುಗೊಂಡೆಯ ಸ್ಮಾರಕಗಳು ಸಹಬಾಳ್ವೆಯನ್ನು ಹೇಗೆ ತಿಳಿಸುತ್ತವೆ?
2. ಕೊಲೆಗೆ ಕೊಲೆಯೇ ಉತ್ತರವಾದರೆ ಅದರ ಕೊನೆ ಎಲ್ಲಿ? ನ್ಯಾಯಾಲಯವು ಏಕೆ ಬೇಕು?