ತಾನೇ ಬಂದ್ ಆಗುವ ಕಂಪ್ಯೂಟರ್: ಒಂದು ಉಷ್ಣದ ಪಾಠ

ಕೊಲ್ಹಾರದಲ್ಲಿ ಏಳನೇ ತರಗತಿಗೆ ‘ಉಷ್ಣ’ ಪಾಠ ಮಾಡುವಾಗ, ಪದೇ ಪದೇ ಬಂದ್ ಆಗುತ್ತಿದ್ದ ನನ್ನ ಮನೆಯ ಕಂಪ್ಯೂಟರನ್ನು ತೋರಿಸಿ ಕಾರಣ ಕೇಳಿದೆ. ‘ವೈರಸ್’, ‘ಕರೆಂಟ್’ ಎಂದರು. ‘ಬಿಸಿ’ ಎಂದು ನಾನೇ ಹೇಳಿಬಿಟ್ಟೆ. ‘ಹ್ಯಾಂಗ ಗೊತ್ತಾತ್ರೀ ಸರ್?’ ಎಂದಳು ಒಬ್ಬಳು. ನಾನು ಪರೀಕ್ಷಿಸಿಯೇ ಇರಲಿಲ್ಲ.

ಮರುದಿನ ಆ ಪ್ರಶ್ನೆಯೇ ಪಾಠವಾಯಿತು. ಕಂಪ್ಯೂಟರ್ ಆರಿದಾಗ ಬಲ್ಬು ಉರಿಯುತ್ತಿತ್ತು, ಕರೆಂಟ್ ಹೋಗಿರಲಿಲ್ಲ. ಕೂಡಲೇ ಹಚ್ಚಿದರೆ ಬೇಗ ಆರಿತು, ತಣ್ಣಗಾದ ಮೇಲೆ ಹಚ್ಚಿದರೆ ಹೆಚ್ಚು ಹೊತ್ತು ನಡೆಯಿತು. ಪ್ಲಗ್ ಕಿತ್ತು ಮುಚ್ಚಳ ತೆಗೆದೆವು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. ಅದರೊಳಗೆ ವಿದ್ಯುತ್ ಉಳಿದಿರುತ್ತದೆ. ಪ್ರೊಸೆಸರಿನ ಉಷ್ಣ ವಹನದಿಂದ ಲೋಹದ ರೆಕ್ಕೆಗಳಿಗೆ ಬರುತ್ತದೆ, ಫ್ಯಾನಿನ ಗಾಳಿ ಅದನ್ನು ಒಯ್ಯುತ್ತದೆ. ಅಲ್ಲಿ ದೂಳು ತುಂಬಿತ್ತು. ಬಿಸಿ ಮಿತಿ ಮೀರಿದಾಗ, ಸುಡದಂತೆ ಯಂತ್ರ ತಾನೇ ಬಂದ್ ಆಗುತ್ತಿತ್ತು. ಬ್ರಷ್‌ನಿಂದ ದೂಳು ತೆಗೆದ ಮೇಲೆ ಅವಧಿಯಿಡೀ ನಡೆಯಿತು.

ಈಗ ಪಾಠಯೋಜನೆಯಲ್ಲಿ ಉತ್ತರಕ್ಕಿಂತ ಮೊದಲು ಪರೀಕ್ಷೆ ಬರೆಯುತ್ತೇನೆ.